ನಿಮ್ಮ ಅಳತೆಗೆ ನೀವೇ ಹೆಣೆಯುವ ಬೇಸಿಗೆಯ ಕ್ರೋಶಾ ಸ್ಕರ್ಟ್

ಪ್ರಶ್ನೆ: ಇದುವರೆಗೆ ಬಾಗಿಲ ತೋರಣ, ಟೇಬಲ್ ಹೊದಿಕೆಗಳನ್ನಷ್ಟೇ ಕ್ರೋಶಾದಲ್ಲಿ (ಕೊಕ್ಕೆ ಕಡ್ಡಿಯ ಹೆಣಿಗೆಯಲ್ಲಿ) ಹಾಕಿರುವ ನಾನು ಮಗಳಿಗೆ ಬೇಸಿಗೆಯಲ್ಲಿ ಉಡಲು ಹತ್ತಿ ದಾರದ ಸ್ಕರ್ಟ್ ಹಾಕಲು ಹೊರಟೆ. ಸೊಂಟಕ್ಕೆ ಸರಿಯಾಗಿ ಚೈನ್ (ದಾರದ ಕುಣಿಕೆಗಳ ಸರಪಳಿ) ಹಾಕಿ, ತುದಿಗಳನ್ನು ಜೋಡಿಸಿ, ಸುತ್ತು ಸುತ್ತಾಗಿ ಒಂದು ಗೇಣು ಹೆಣೆದೆ. ತೊಡಿಸಿ ನೋಡಿದರೆ ಅದು ಮೇಲಕ್ಕೆ ಏರಲೇ ಇಲ್ಲ, ಪೂರ್ತಿ ಬಿಚ್ಚಬೇಕಾಯಿತು. ಅವಳ ಸೊಂಟ 76 ಸೆಂ.ಮೀ., ಸೀಟು (ನಿತಂಬದ ಸುತ್ತಳತೆ) 100 ಸೆಂ.ಮೀ., ಬೇಕಾದ ಉದ್ದ 60 ಸೆಂ.ಮೀ. ಹೇಗೆ ಶುರುಮಾಡಲಿ? – ಗದಗ

ಉತ್ತರ: ನಿಮ್ಮ ಕೈಯಲ್ಲಿ ತಪ್ಪಿಲ್ಲ. ಸೊಂಟಕ್ಕೆ ಬಿಗಿಯಾಗಿ ಕೂರುವ ಬಟ್ಟೆ ಸೀಟನ್ನು ದಾಟಿಯೇ ಸೊಂಟಕ್ಕೆ ಬರಬೇಕು, ಹತ್ತಿಯ ದಾರವೋ ಉಲ್ಲನ್ನಿನಂತೆ ಹಿಗ್ಗಿ ಮತ್ತೆ ಕುಗ್ಗುವುದಿಲ್ಲ. ಇದಕ್ಕೆ ಪರಿಹಾರ ನಮ್ಮ ಮನೆಗಳಲ್ಲೇ ಇದೆ. ಸೀರೆಯೊಳಗೆ ಉಡುವ ಲಂಗವನ್ನು ಒಮ್ಮೆ ನೋಡಿ: ಬದಿಯಲ್ಲೊಂದು ಸೀಳು, ಮೇಲೊಂದು ಲಾಡಿ. ಕ್ರೋಶಾ ಸ್ಕರ್ಟಿಗೂ ಮೊದಲ ಸಲಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲವೆಂದು ನಾನು ನಂಬುತ್ತೇನೆ.

ಆದರೆ ಸ್ಕರ್ಟಿಗೆ ಕೈಹಾಕುವ ಮೊದಲು ಒಂದು ಮಾದರಿ ತುಂಡನ್ನು ಹೆಣೆಯಲೇಬೇಕು. ನಾಲ್ಕು ಎಳೆಯ ಹತ್ತಿ ದಾರ ಮತ್ತು 3.5 ಮಿ.ಮೀ. ಕಡ್ಡಿ ತೆಗೆದುಕೊಂಡು, ಡಬಲ್ ಹೊಲಿಗೆಯಲ್ಲಿ (ಕಡ್ಡಿಗೆ ಒಮ್ಮೆ ದಾರ ಸುತ್ತಿ ಹಾಕುವ ಎತ್ತರದ ಹೊಲಿಗೆ) ಸುಮಾರು 15 ಸೆಂ.ಮೀ. ಚೌಕದ ತುಂಡು ಹೆಣೆದು, ಸ್ಕರ್ಟನ್ನು ಒಗೆಯುವಂತೆಯೇ ಒಗೆದು, ಪೂರ್ತಿ ಒಣಗಿದ ಮೇಲೆ ಅದರ ನಡುಭಾಗದ 10 ಸೆಂ.ಮೀ.ನಲ್ಲಿ ಎಷ್ಟು ಹೊಲಿಗೆ, ಎಷ್ಟು ಸಾಲು ಇವೆಯೆಂದು ಎಣಿಸಿ. ಅಂಚಿನ ಹೊಲಿಗೆಗಳು ಎಳೆದುಕೊಂಡಿರುತ್ತವೆ, ಆದ್ದರಿಂದ ಅವನ್ನು ಲೆಕ್ಕಕ್ಕೆ ಹಿಡಿಯಬಾರದು. ಒಂದೇ ದಾರ, ಒಂದೇ ಕಡ್ಡಿಯಾದರೂ ಇಬ್ಬರ ಕೈ ಬಿಗಿ ಒಂದೇ ಆಗಿರುವುದಿಲ್ಲ. ಬೇರೆಯವರು ಬರೆದಿಟ್ಟ ಎಣಿಕೆ ನಿಮ್ಮ ಮಗಳ ಮೈಗೆ ಕೂರದಿರುವುದು ಇದೇ ಕಾರಣಕ್ಕೆ. ಆ ತುಂಡನ್ನು ತೂಗಿಯೂ ಇಡಿ. ಅದು 12 ಗ್ರಾಂ ಇದ್ದರೆ, ನಿಮ್ಮ ಸ್ಕರ್ಟಿನ ಹರವು ಸುಮಾರು ಅದರ 27 ಪಟ್ಟು ಆಗುವುದರಿಂದ 320 ಗ್ರಾಂನಷ್ಟು ದಾರ ಬೇಕಾಗುತ್ತದೆ. ಅಂಚಿಗೆ, ಲಾಡಿಗೆ ಸೇರಿಸಿ 400 ಗ್ರಾಂ ಕೊಳ್ಳಿ. ಎಲ್ಲ ಉಂಡೆಗಳನ್ನೂ ಒಂದೇ ಸಲ, ಒಂದೇ ಬಣ್ಣದ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ದಾರಕ್ಕಿರುವ ಸಂಖ್ಯೆ) ನೋಡಿ ಕೊಂಡರೆ ಒಳ್ಳೆಯದು, ಏಕೆಂದರೆ ಆಮೇಲೆ ತಂದ ಉಂಡೆಯ ಬಣ್ಣ ಒಂದು ಛಾಯೆ ಬೇರೆಯಾದರೂ ಸ್ಕರ್ಟಿನ ಮೇಲೆ ಪಟ್ಟಿಯಾಗಿ ಎದ್ದು ಕಾಣುತ್ತದೆ.

ನಿಮ್ಮ ತುಂಡಿನಲ್ಲಿ 10 ಸೆಂ.ಮೀ.ಗೆ 18 ಹೊಲಿಗೆ, 9 ಸಾಲು ಬಂದವೆಂದು ಇಟ್ಟುಕೊಳ್ಳೋಣ. ಒಂದು ಸೆಂ.ಮೀ.ಗೆ 1.8 ಹೊಲಿಗೆಯಂತೆ 76 ಸೆಂ.ಮೀ. ಸೊಂಟಕ್ಕೆ 137 ಹೊಲಿಗೆ ಬರುತ್ತದೆ. ಎಂಟರಿಂದ ಭಾಗವಾಗಲೆಂದು 136 ಎಂದು ಹಿಡಿಯಿರಿ. ಸೀಟಿನ ಬಳಿ ಎರಡು ಸೆಂ.ಮೀ. ಸಡಿಲ ಬಿಟ್ಟು 102 ಸೆಂ.ಮೀ.ಗೆ 184 ಹೊಲಿಗೆ. ನಡುವಿನ ವ್ಯತ್ಯಾಸ 48, ಅಂದರೆ ಸಾಲಿಗೆ ಎಂಟರಂತೆ ಆರು ಸಲ ಹೆಚ್ಚಿಸಬೇಕು. ಸೊಂಟದಿಂದ ಸೀಟಿನ ಅಗಲವಾದ ಭಾಗಕ್ಕೆ 20 ಸೆಂ.ಮೀ. ಇದ್ದರೆ ಅಲ್ಲಿಗೆ 18 ಸಾಲು. ಆದ್ದರಿಂದ ಪ್ರತಿ ಮೂರನೆಯ ಸಾಲಿನಲ್ಲಿ ಹೆಚ್ಚಿಸಿದರೆ ಲೆಕ್ಕ ಸರಿಹೋಗುತ್ತದೆ. ಸೊಂಟವೆಂದರೆ ಯಾವ ಜಾಗ ಎಂಬುದನ್ನು ಮಾತ್ರ ಅಳತೆ ತೆಗೆಯುವಾಗಲೇ ತೀರ್ಮಾನಿಸಿ, ಸೀಟಿನ ದೂರವನ್ನು ಅಲ್ಲಿಂದಲೇ ಅಳೆಯಿರಿ. ಸ್ಕರ್ಟ್ ಹೊಕ್ಕುಳಿನ ಮೇಲೆ ನಿಲ್ಲಬೇಕೋ ಕೆಳಗೋ ಎಂಬುದರ ಮೇಲೆ ಅಳತೆ ನಾಲ್ಕಾರು ಸೆಂ.ಮೀ. ಬದಲಾಗಬಹುದು.

ಈಗ ಕೆಲಸಕ್ಕೆ ಬರೋಣ. ಒಂದು ಸೈಜ್ ದೊಡ್ಡ ಕಡ್ಡಿಯಲ್ಲಿ 138 ಚೈನ್ ಸಡಿಲವಾಗಿ ಹಾಕಿ, ತುದಿಗಳನ್ನು ಜೋಡಿಸಬೇಡಿ. 3.5 ಮಿ.ಮೀ. ಕಡ್ಡಿಗೆ ಬಂದು, ಕಡ್ಡಿಯಿಂದ ನಾಲ್ಕನೆಯ ಚೈನ್‌ನಿಂದ ತೊಡಗಿ ಪ್ರತಿಯೊಂದರಲ್ಲೂ ಒಂದು ಡಬಲ್ ಹಾಕಿದರೆ, ಬಿಟ್ಟ ಮೂರು ಚೈನ್ ಒಂದು ಹೊಲಿಗೆಯಾಗಿ ಸೇರಿ 136 ಆಗುತ್ತದೆ. ಎರಡನೆಯ ಸಾಲು ಲಾಡಿಯದು: ಒಂದು ಡಬಲ್, ಒಂದು ಚೈನ್, ಕೆಳಗಿನ ಒಂದು ಹೊಲಿಗೆ ಬಿಟ್ಟು ಮತ್ತೆ ಒಂದು ಡಬಲ್ – ಹೀಗೆ ಕಿಂಡಿಗಳ ಸಾಲು ಬರುತ್ತದೆ. ಮೂರನೆಯ ಸಾಲಿನಲ್ಲಿ ಪ್ರತಿ ಹದಿನೇಳನೆಯ ಹೊಲಿಗೆಯಲ್ಲಿ ಎರಡು ಡಬಲ್ ಹಾಕಿ. ಆರನೆಯ ಸಾಲಿನಲ್ಲಿ ಪ್ರತಿ ಹದಿನೆಂಟನೆಯದರಲ್ಲಿ, ಹೀಗೆ ಮುಂದಕ್ಕೆ. ಹೆಚ್ಚಿಸಿದ ಜಾಗಗಳು ಒಂದರ ಕೆಳಗೊಂದು ಬಿದ್ದರೆ ಬಟ್ಟೆಯ ಮೇಲೆ ಎಂಟು ಗೆರೆಗಳು ಮೂಡುತ್ತವೆ, ಆದ್ದರಿಂದ ಒಂದು ಸಲ ಬಿಟ್ಟು ಒಂದು ಸಲ ಅವನ್ನು ಅರ್ಧ ದೂರ ಸರಿಸಿ. ಪ್ರತಿ ಸಾಲಿನ ಕೊನೆಗೆ ಬಟ್ಟೆ ತಿರುಗಿಸಿ ಮೂರು ಚೈನ್ ಹಾಕುವುದು ಇದ್ದೇ ಇದೆ. ಆ ಮೂರು ಚೈನನ್ನು ಮುಂದಿನ ಸಾಲಿನಲ್ಲಿ ಹೊಲಿಗೆಯೆಂದು ಎಣಿಸದೆ ಬಿಡುವುದೇ ಹೊಸಬರ ಬಟ್ಟೆ ಬದಿಯಲ್ಲಿ ಕಿರಿದಾಗುತ್ತಾ ಹೋಗಲು ಹೆಚ್ಚಿನ ಸಲ ಕಾರಣ.

ಹದಿನೈದನೆಯ ಸಾಲು ಮುಗಿದಾಗ 176 ಹೊಲಿಗೆ, ಅಂದರೆ ಸುಮಾರು 98 ಸೆಂ.ಮೀ. ಆಗಿರುತ್ತದೆ. ಇಷ್ಟಾದರೆ ಸ್ವಲ್ಪ ಎಳೆದು ಸೀಟನ್ನು ದಾಟಿಸಬಹುದು. ಇಲ್ಲಿ ಎರಡು ಬದಿಗಳನ್ನೂ ಸ್ಲಿಪ್ ಹೊಲಿಗೆಯಿಂದ (ಎತ್ತರವಿಲ್ಲದ, ಜೋಡಣೆಗೆ ಹಾಕುವ ಹೊಲಿಗೆ) ಜೋಡಿಸಿ, ಮುಂದೆ ಸುತ್ತಾಗಿ ಹೆಣೆಯಿರಿ. ಮೇಲೆ ಉಳಿದ ಸೀಳು ಎಡಬದಿಗೆ ಬರಲಿ, ಅದಕ್ಕೆ ಚೈನ್ ಕುಣಿಕೆಯ ಮೂರು ನಾಲ್ಕು ಗುಂಡಿ ಸಾಕು. ಸುತ್ತು ಹೆಣೆಯುವಾಗಲೂ ಪ್ರತಿ ಸುತ್ತಿನ ಕೊನೆಗೆ ಜೋಡಿಸಿ ಬಟ್ಟೆಯನ್ನು ತಿರುಗಿಸುತ್ತಲೇ ಇರಿ. ತಿರುಗಿಸದಿದ್ದರೆ ಹೊಲಿಗೆಯ ಮುಖ ಒಂದೇ ಕಡೆಗೆ ಬಿದ್ದು ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ನೇಯ್ಗೆ ಬೇರೆಯಾಗಿ ಕಾಣುತ್ತದೆ, ಜೋಡಣೆಯ ಗೆರೆಯೂ ಓರೆಯಾಗಿ ಸರಿಯುತ್ತಾ ಹೋಗುತ್ತದೆ. ಹದಿನೆಂಟನೆಯ ಸಾಲಿನ ನಂತರ ಹೊಲಿಗೆ ಹೆಚ್ಚಿಸುವುದು ಬೇಡ. ಅಂಚಿಗೆ ಚಿಪ್ಪಿನ ವಿನ್ಯಾಸ ಬೇಕಿದ್ದರೆ ಅದು ಆರು ಹೊಲಿಗೆಗೊಮ್ಮೆ ಮರಳುವುದರಿಂದ, ಅದರ ಹಿಂದಿನ ಸುತ್ತಿನಲ್ಲಿ ಎರಡು ಹೊಲಿಗೆ ಹೆಚ್ಚಿಸಿ 186 ಮಾಡಿಕೊಳ್ಳಿ.

ಪ್ರಶ್ನೆ: ಹೆಣೆದು ಮುಗಿಸಿದಾಗ ಮೊಣಕಾಲಿಗೆ ಸರಿಯಾಗಿದ್ದ ನನ್ನ ಹತ್ತಿ ಸ್ಕರ್ಟ್ ಎರಡು ವಾರದಲ್ಲಿ ಮೀನಖಂಡದವರೆಗೆ ಇಳಿದಿದೆ. ಮತ್ತೆ ಮೇಲಕ್ಕೆ ತರಬಹುದೇ? – ಕಲಬುರಗಿ

ಉತ್ತರ: ಸ್ಕರ್ಟಿನ ಪ್ರತಿ ಸಾಲೂ ತನ್ನ ಕೆಳಗಿನ ಎಲ್ಲ ಸಾಲುಗಳ ಭಾರವನ್ನು ಹೊತ್ತಿರುತ್ತದೆ, ಎತ್ತರದ ಡಬಲ್ ಹೊಲಿಗೆಗಳು ಆ ಭಾರಕ್ಕೆ ನಿಧಾನವಾಗಿ ನೀಳವಾಗುತ್ತವೆ. ನೀವು ಸೊಂಟದಿಂದ ಕೆಳಕ್ಕೆ ಹೆಣೆದಿದ್ದರೆ ನಷ್ಟವೇನೂ ಇಲ್ಲ. ಕ್ರೋಶಾ ಬಿಚ್ಚುವುದು ಕೊನೆಯ ಹೊಲಿಗೆಯಿಂದ, ಆ ಕೊನೆ ನಿಮ್ಮ ಅಂಚಿನಲ್ಲೇ ಇದೆ. ಬೇಕಾದಷ್ಟು ಸುತ್ತು ಬಿಚ್ಚಿ, ಅದೇ ದಾರದಿಂದ ಅಂಚನ್ನು ಮತ್ತೆ ಹಾಕಿ. ಮೊದಲ ಸ್ಕರ್ಟನ್ನು ಮೇಲಿನಿಂದಲೇ ಶುರುಮಾಡಿ ಎಂದು ನಾನು ಹೇಳುವುದು ಮುಖ್ಯವಾಗಿ ಇದಕ್ಕಾಗಿ.

ಮುಂದಿನ ಸಲ ಒಗೆದ ಮಾದರಿ ತುಂಡಿನ ಕೆಳ ಅಂಚಿಗೆ ನಾಲ್ಕು ಬಟ್ಟೆ ಕ್ಲಿಪ್ ಸಿಕ್ಕಿಸಿ ಎರಡು ದಿನ ನೇತುಹಾಕಿ. 15 ಸೆಂ.ಮೀ. ಇದ್ದದ್ದು 15.75 ಆಗಿದ್ದರೆ ನೂರಕ್ಕೆ ಐದರಷ್ಟು ಇಳಿಯುತ್ತದೆಂದು ತಿಳಿದು, 60 ಸೆಂ.ಮೀ. ಬೇಕಾದಲ್ಲಿ 57ಕ್ಕೇ ನಿಲ್ಲಿಸಿ. ಒಗೆದ ಸ್ಕರ್ಟನ್ನು ತಂತಿಯ ಮೇಲೆ ಹಾಕಬೇಡಿ, ನೀರು ಹೊತ್ತ ಹತ್ತಿ ಇನ್ನಷ್ಟು ಜಗ್ಗುತ್ತದೆ. ಟವೆಲ್ಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ನೆರಳಿನಲ್ಲಿ ಚಾಪೆಯ ಮೇಲೆ ಹರಡಿ, ಅಳತೆಗೆ ಎಳೆದು ಕೂರಿಸಿ ಒಣಗಿಸಬೇಕು.

ಪ್ರಶ್ನೆ: ಇಂಗ್ಲಿಷಿನ ಮಾದರಿಯೊಂದನ್ನು ಅಕ್ಷರಶಃ ಅನುಸರಿಸಿದರೂ ನನ್ನ ಸ್ಕರ್ಟ್ ಅರ್ಧದಷ್ಟೇ ಉದ್ದ ಬಂತು. ದಟ್ಟವಾಗಿಯೂ ಇದೆ. – ಶಿವಮೊಗ್ಗ

ಉತ್ತರ: ಅದು ಬ್ರಿಟನ್ನಿನ ಹೆಸರುಗಳಿಗೂ ಅಮೆರಿಕದ ಹೆಸರುಗಳಿಗೂ ಇರುವ ವ್ಯತ್ಯಾಸದಿಂದ ಆಗಿರುವ ಸಾಧ್ಯತೆಯೇ ಹೆಚ್ಚು. ಅಮೆರಿಕದವರು ಸಿಂಗಲ್ ಎನ್ನುವ ಗಿಡ್ಡ ಹೊಲಿಗೆಯನ್ನು ಬ್ರಿಟಿಷರು ಡಬಲ್ ಎನ್ನುತ್ತಾರೆ. ಅಮೆರಿಕದ ಡಬಲ್ ಅವರಿಗೆ ಟ್ರೆಬಲ್. ಮಾದರಿಯಲ್ಲಿ ಎಲ್ಲಾದರೂ ಸಿಂಗಲ್ ಎಂಬ ಹೆಸರಿದ್ದರೆ ಅದು ಅಮೆರಿಕದ ಕ್ರಮ, ಏಕೆಂದರೆ ಬ್ರಿಟಿಷ್ ಕ್ರಮದಲ್ಲಿ ಆ ಹೆಸರೇ ಬಳಕೆಯಲ್ಲಿಲ್ಲ. ಮೇಲೆ ಗದಗಿನವರಿಗೆ ನಾನು ಹೇಳಿದ ಡಬಲ್ ಅಮೆರಿಕದ್ದು: ಕಡ್ಡಿಗೆ ಒಮ್ಮೆ ದಾರ ಸುತ್ತಿ, ಹೊಲಿಗೆಯೊಳಗೆ ತೂರಿಸಿ ದಾರ ಎಳೆದಾಗ ಕಡ್ಡಿಯ ಮೇಲೆ ಮೂರು ಕುಣಿಕೆ ಇರುತ್ತವೆ, ಅವನ್ನು ಎರಡೆರಡಾಗಿ ಎರಡು ಸಲ ಬಿಡಿಸುವುದು. ನಿಮ್ಮ ಕಡ್ಡಿಯ ಮೇಲೆ ಎರಡೇ ಕುಣಿಕೆ ಬರುತ್ತಿದ್ದರೆ ನೀವು ಹಾಕುತ್ತಿರುವುದು ಗಿಡ್ಡ ಹೊಲಿಗೆ.