ಒಬ್ಬರ ಡೌನ್‌ಲೋಡ್, ಉಳಿದವರ ಪರದಾಟ

ಪ್ರಶ್ನೆ: ನಾವು ಮೂವರು ಬಾಡಿಗೆ ಮನೆಯಲ್ಲಿ ಒಂದೇ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡು ಬಿಲ್ಲನ್ನು ಸಮನಾಗಿ ಕಟ್ಟುತ್ತೇವೆ. ಒಬ್ಬರು ಟೊರೆಂಟ್ (ದೊಡ್ಡ ಕಡತವನ್ನು ಹಲವು ಕಂಪ್ಯೂಟರುಗಳಿಂದ ಒಟ್ಟಿಗೆ ಇಳಿಸಿಕೊಳ್ಳುವ ವಿಧಾನ) ಹಾಕಿದೊಡನೆ ಉಳಿದಿಬ್ಬರ ವಿಡಿಯೊ ಕರೆ ತಡವರಿಸುತ್ತದೆ. ರೂಟರ್ ಏಕೆ ಸಮಪಾಲು ಮಾಡುವುದಿಲ್ಲ?

ಉತ್ತರ: ಬಿಲ್ ಕಟ್ಟುವವರು ಎಷ್ಟು ಮಂದಿ ಎಂಬುದು ರೂಟರಿಗೆ ತಿಳಿಯದು, ಅದಕ್ಕೆ ಕಾಣುವುದು ಪ್ಯಾಕೆಟ್‌ಗಳು, ಅಂದರೆ ಮಾಹಿತಿಯ ಸಣ್ಣ ತುಣುಕುಗಳು ಮಾತ್ರ. ಅವೆಲ್ಲ ಒಂದೇ ಸರತಿಯಲ್ಲಿ ನಿಂತು ಮೊದಲು ಬಂದದ್ದು ಮೊದಲು ಹೊರಡುವ ಪದ್ಧತಿ ಮೇಲ್ನೋಟಕ್ಕೆ ನ್ಯಾಯವೆನಿಸಿದರೂ, ಸರತಿಯಲ್ಲಿ ಹೆಚ್ಚು ಪ್ಯಾಕೆಟ್ ತುಂಬಿದವರಿಗೇ ಅದರಲ್ಲಿ ಹೆಚ್ಚು ಪಾಲು ದಕ್ಕುತ್ತದೆ. 1985ರಲ್ಲಿ ಕಂಪ್ಯೂಟರ್ ತಂತ್ರಜ್ಞ ಜಾನ್ ನೇಗಲ್ ಅಂತರಜಾಲದ ತಾಂತ್ರಿಕ ದಾಖಲೆಗಳ ಸರಣಿಗೆ ಸೇರಿದ ಆರ್‌ಎಫ್‌ಸಿ 970 ಎಂಬ ದಾಖಲೆಯಲ್ಲಿ ಈ ದೋಷವನ್ನು ಎತ್ತಿ ತೋರಿಸಿ, ಕಳುಹಿಸುವ ಪ್ರತಿ ಕಂಪ್ಯೂಟರಿಗೂ ಪ್ರತ್ಯೇಕ ಸರತಿಯಿಟ್ಟು, ಸುತ್ತಿಗೊಂದರಂತೆ ಪ್ಯಾಕೆಟ್ ಬಿಡಬೇಕೆಂದು ಸೂಚಿಸಿದರು. ಆಗ ನುಗ್ಗುವವರು ಉದ್ದ ಮಾಡಿಕೊಳ್ಳುವುದು ತಮ್ಮ ಸರತಿಯನ್ನೇ. ಆದರೆ 1500 ಬೈಟ್‌ಗಳ ಪ್ಯಾಕೆಟ್ ಕಳುಹಿಸುವವರಿಗೆ 100 ಬೈಟ್‌ಗಳವರಿಗಿಂತ 15 ಪಟ್ಟು ಸಿಗುತ್ತಿತ್ತು. ಡೆಮರ್ಸ್, ಕೇಶವ್ ಮತ್ತು ಶೆಂಕರ್ ಎಂಬ ಸಂಶೋಧಕರು 1989ರಲ್ಲಿ ಪ್ಯಾಕೆಟ್‌ಗಳ ಬದಲು ಬಿಟ್‌ಗಳ ಲೆಕ್ಕ ಹಿಡಿದು ಇದನ್ನು ಸರಿಪಡಿಸಿದರು.

ಸಮಪಾಲೆಂದರೆ ಮೂರು ತುಂಡು ಮಾಡಿ ಕೈತೊಳೆದುಕೊಳ್ಳುವುದೂ ಅಲ್ಲ. ಬ್ರಾಡ್‌ಬ್ಯಾಂಡಿನ ವೇಗ 10 ಎಂಬಿಪಿಎಸ್ ಇದ್ದು, ನಿಮಗೆ 2, ಇನ್ನೊಬ್ಬರಿಗೆ 6, ಮತ್ತೊಬ್ಬರಿಗೆ 8 ಬೇಕಿದ್ದರೆ, ನಿಮಗೆ ಬೇಕಾದ 2 ಪೂರ್ತಿ ಕೊಟ್ಟು, ಉಳಿದದ್ದನ್ನು ಅವರಿಬ್ಬರಿಗೆ ನಾಲ್ಕು ನಾಲ್ಕರಂತೆ ಹಂಚುವುದು ಈ ಕ್ಷೇತ್ರದಲ್ಲಿ ಬಹುವಾಗಿ ಒಪ್ಪಿತವಾದ ಕ್ರಮ.

ನಿಮ್ಮ ಮನೆಯ ತೊಡಕು ಇರುವುದು ಎಣಿಕೆಯಲ್ಲಿ. ಇಕ್ಕಟ್ಟಿನ ಜಾಗದಲ್ಲಿ ಟಿಸಿಪಿ (ಅಂತರಜಾಲದಲ್ಲಿ ಮಾಹಿತಿ ಕಳುಹಿಸುವ ವೇಗವನ್ನು ಹೊಂದಿಸುವ ನಿಯಮಾವಳಿ) ಹೆಚ್ಚೂಕಡಿಮೆ ಸಮನಾಗಿ ಹಂಚುವುದು ತಂತ್ರಾಂಶಗಳು ತೆರೆಯುವ ಸಂಪರ್ಕಗಳ ನಡುವೆಯೇ ಹೊರತು ಜನರ ನಡುವೆ ಅಲ್ಲ, ಅದೂ ಪ್ಯಾಕೆಟ್ ಹೋಗಿ ಬರುವ ಸಮಯ ಎಲ್ಲರಿಗೂ ಒಂದೇ ಆಗಿದ್ದಾಗ. ಟೊರೆಂಟ್ ಎಂಟು ಸಂಪರ್ಕ ತೆರೆದು ನೀವಿಬ್ಬರೂ ಒಂದೊಂದು ತೆರೆದರೆ, ಹತ್ತರಲ್ಲಿ ಎಂಟು ಪಾಲು ಅವರದಾಗುತ್ತದೆ. ಸಂಪರ್ಕಗಳನ್ನು ಎಣಿಸಿ ಅದನ್ನೇ ನ್ಯಾಯವೆನ್ನುವುದು ತಪ್ಪೆಂದು ಜಾಲ ಸಂಶೋಧಕ ಬಾಬ್ ಬ್ರಿಸ್ಕೊ 2007ರಲ್ಲಿ ಕಟುವಾಗಿ ವಾದಿಸಿದರು. ಹಂಚಿಕೊಂಡ ಮನೆಯ ಮಟ್ಟಿಗಾದರೂ ಆ ವಾದವನ್ನು ಒಪ್ಪದೆ ವಿಧಿಯಿಲ್ಲ.

ಮೊದಲೇ ಬಂದದ್ದರ ಬದಲು ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಬಹುದಾದ ರೂಟರ್ ನಿಮ್ಮಲ್ಲಿದ್ದರೆ, 2018ರಲ್ಲಿ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಸೇರಿದ ಕೇಕ್ ಎಂಬ ಸರತಿ ವಿಧಾನವನ್ನು ಬಳಸಿ. ಮೊದಲು ಸಾಧನಗಳ ನಡುವೆ, ಆಮೇಲೆ ಆಯಾ ಸಾಧನದ ಸಂಪರ್ಕಗಳ ನಡುವೆ ಹಂಚುವಂತೆ ಅದನ್ನು ಹೊಂದಿಸಬಹುದು. ವೇಗದ ಮಿತಿಯನ್ನು ಮಾತ್ರ ಅಳೆದು ನೋಡಿದ ವೇಗಕ್ಕಿಂತ ತುಸು ಕಡಿಮೆ ಇಡಬೇಕು. ಇಲ್ಲವಾದರೆ ಸರತಿ ಬೆಳೆಯುವುದು ಬ್ರಾಡ್‌ಬ್ಯಾಂಡ್ ಕಂಪನಿಯ ಉಪಕರಣದಲ್ಲಿ, ಅಲ್ಲಿ ನಿಮ್ಮ ನಿಯಮ ನಡೆಯುವುದಿಲ್ಲ.