ಹಲ್ಲಿನ ಕಂದು ಕಲೆ ಹೋಗಬೇಕಾದರೆ ಎಷ್ಟು ಜೋರಾಗಿ ಉಜ್ಜಬೇಕು?

ನೀವು ಜಗಳೂರು ಕಡೆಯವರು, ಚಿಕ್ಕಂದಿನಿಂದ ಬೋರ್ ನೀರು ಕುಡಿದವರು. ಹಾರ್ಡ್ ಬ್ರಶ್ಶಿಗೆ ಉಪ್ಪು ಹಾಕಿ ತಿಕ್ಕಿದರೂ ಮುಂದಿನ ಹಲ್ಲಿನ ಕಂದು ಕಲೆ ಹೋಗುತ್ತಿಲ್ಲ, ಈಗ ತಣ್ಣೀರು ತಾಗಿದರೆ ಜುಮ್ ಅನ್ನುತ್ತದೆ ಅಂತ ಕೇಳಿದ್ದೀರಿ. ನಾನು ದಾವಣಗೆರೆಯ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಸಹಾಯಕಿ. ನಮ್ಮಲ್ಲಿ ಇದು ಹೊಸ ಪ್ರಶ್ನೆಯೇನಲ್ಲ.

ಮೊದಲು ಆ ಉಪ್ಪು ಬಿಡಿ. ನೀವು ಹೇಳಿದ ರೀತಿ ನೋಡಿದರೆ ಅದು ಫ್ಲೋರೋಸಿಸ್ ಇರಬೇಕು, ಅಂದರೆ ನೀರಿನಲ್ಲಿರುವ ಫ್ಲೋರೈಡ್ ಅನ್ನುವ ಲವಣ ಜಾಸ್ತಿಯಾಗಿ ಹಲ್ಲಿಗೆ ಬರುವ ಕಲೆ. ಜಗಳೂರು, ಚಿತ್ರದುರ್ಗದ ಸುತ್ತಮುತ್ತ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5 ತನಕ. ದವಡೆಯೊಳಗೆ ಹಲ್ಲು ತಯಾರಾಗುವ ವಯಸ್ಸಿನಲ್ಲಿ ಅದಕ್ಕಿಂತ ಜಾಸ್ತಿ ಹೊಟ್ಟೆಗೆ ಹೋದರೆ ಎನಾಮೆಲ್, ಅಂದರೆ ಹಲ್ಲಿನ ಮೇಲಿನ ಗಟ್ಟಿ ಪದರ, ಸರಿಯಾಗಿ ಕೂಡುವುದಿಲ್ಲ. ಹಲ್ಲು ಹುಟ್ಟಿದ ಮೇಲೆ ಅಲ್ಲೇ ಬಣ್ಣ ಹಿಡಿಯುತ್ತದೆ. ಚಹಾದ ಕಲೆ, ಎಲೆ ಅಡಿಕೆ ಕಲೆಯಾದರೆ ಕ್ಲೀನಿಂಗ್ ಮಾಡಿಸಿದರೆ ಹೋಗುತ್ತೆ. ಇದು ಹಲ್ಲಿನೊಳಗೇ ಇರುವುದು. ತಿಕ್ಕಿ ತಿಕ್ಕಿ ಸವೆಯುವುದು ಹಲ್ಲೇ.

ಕನ್ನಡಿ ಮುಂದೆ ನಿಂತು ತುಟಿ ಎತ್ತಿ ನೋಡಿ. ಕೋರೆಹಲ್ಲು, ಅದರ ಹಿಂದಿನ ಹಲ್ಲಿನ ಬುಡದಲ್ಲಿ, ವಸಡಿನ ಅಂಚಿಗೆ ಉಗುರು ಮೆಲ್ಲಗೆ ಆಡಿಸಿ. ಕೊಡಲಿಯಿಂದ ಕಚ್ಚು ಹಾಕಿದ ಹಾಗೆ ಸಣ್ಣ ತಗ್ಗು ಸಿಗುತ್ತಾ? ಬಲಗೈಯವರಿಗೆ ಇದು ಎಡಗಡೆಯೇ ಜಾಸ್ತಿ, ಕೈಯ ಜೋರೆಲ್ಲ ಅಲ್ಲಿ ಬೀಳುತ್ತದಲ್ವಾ. ಎನಾಮೆಲ್ ನಮ್ಮ ಮೈಯಲ್ಲೇ ಗಟ್ಟಿ ಪದಾರ್ಥ ನಿಜ, ಆದರೆ ಬುಡದಲ್ಲಿ ತೆಳ್ಳಗಿರುತ್ತದೆ, ಸವೆದರೆ ಮತ್ತೆ ಬೆಳೆಯುವುದಿಲ್ಲ. ವಸಡು ಸರಿದು ಬೇರು ಕಾಣಿಸಿಕೊಂಡರೆ ಅಲ್ಲಿ ಎನಾಮೆಲ್ಲೇ ಇಲ್ಲ. ನಿಮ್ಮ ಜುಮ್ ಅಲ್ಲಿಂದಲೇ ಬರುತ್ತಿರಬಹುದು.

ಹಾಗಾದರೆ ಹೇಗೆ ಉಜ್ಜುವುದು? ಸಾಫ್ಟ್ ಅಂತ ಬರೆದಿರುವ ಬ್ರಶ್ ತಗೊಳ್ಳಿ. ಮುಷ್ಟಿಯಲ್ಲಿ ಹಿಡಿಯಬೇಡಿ, ಪೆನ್ನು ಹಿಡಿದ ಹಾಗೆ ಬೆರಳಲ್ಲಿ ಹಿಡಿದರೆ ಜೋರು ತಾನೇ ಕಡಿಮೆಯಾಗುತ್ತದೆ. ಎಳೆಗಳನ್ನು ವಸಡಿನ ಕಡೆಗೆ 45 ಡಿಗ್ರಿ ಓರೆಯಾಗಿ ಇಟ್ಟು, ಇದ್ದಲ್ಲೇ ಸಣ್ಣದಾಗಿ ಅಲುಗಿಸಿ, ಆಮೇಲೆ ವಸಡಿನಿಂದ ಹಲ್ಲಿನ ತುದಿಗೆ ತನ್ನಿ. ಗರಗಸ ಎಳೆದಂತೆ ಅಡ್ಡಡ್ಡ ಬೇಡ. ಹಲ್ಲಿನ ಮೇಲೆ ದಿನಾ ಕೂರುವ ಪಾಚಿ ಮೆತ್ತಗಿರುತ್ತದೆ, ಅದಕ್ಕೆ ಜೋರು ಬೇಕಾಗಿಲ್ಲ, ಟೈಮ್ ಬೇಕು. ಬೆಳಿಗ್ಗೆ ಎರಡು ನಿಮಿಷ, ಮಲಗುವ ಮುಂಚೆ ಎರಡು ನಿಮಿಷ. ಹೊಸ ಬ್ರಶ್ಶಿನ ಎಳೆಗಳು ಒಂದೇ ತಿಂಗಳಿಗೆ ಕೆದರಿಕೊಂಡರೆ ನಿಮ್ಮ ಕೈ ಇನ್ನೂ ಜೋರಾಗಿದೆ ಅಂತಲೇ ಅರ್ಥ. ನಿಂಬೆ ಶರಬತ್ತು, ಸೋಡಾ ಕುಡಿದ ತಕ್ಷಣ ಉಜ್ಜಬೇಡಿ, ಅರ್ಧ ಗಂಟೆ ಬಿಡಿ. ಇದ್ದಿಲು ಪುಡಿ ವಿಡಿಯೋಗಳನ್ನು ಸುಮ್ನೆ ನೋಡಿ ಬಿಟ್ಟುಬಿಡಿ.

ಜುಮ್ ಅನ್ನುವುದಕ್ಕೆ ಪೊಟಾಷಿಯಂ ನೈಟ್ರೇಟ್ ಇರುವ ಪೇಸ್ಟ್ ಬಳಸಿ, ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಕಲೆಗೂ ದಾರಿ ಇದೆ. ಕಡಿಮೆಯಿದ್ದರೆ ಮೇಲ್ಪದರ ಸ್ವಲ್ಪವೇ ತೆಗೆದು ಬ್ಲೀಚ್ ಮಾಡುತ್ತಾರೆ, ಜಾಸ್ತಿಯಿದ್ದರೆ ಹಲ್ಲಿನ ಬಣ್ಣದ ಕಾಂಪೋಸಿಟ್ (ಸಿಮೆಂಟಿನ ಹಾಗೆ ಹಚ್ಚಿ ಗಟ್ಟಿ ಮಾಡುವ ಪದಾರ್ಥ) ಅಥವಾ ವಿನಿಯರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ) ಹಾಕುತ್ತಾರೆ. ದಾವಣಗೆರೆಯಲ್ಲಿ ಎರಡು ಡೆಂಟಲ್ ಕಾಲೇಜುಗಳಿವೆ, ಬಾಪೂಜಿ ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್. ಯಾವುದಾದರೊಂದಕ್ಕೆ ಬೆಳಿಗ್ಗೆಯೇ ಹೋಗಿ ತೋರಿಸಿ.

ಮನೆಯಲ್ಲಿ ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಕುಡಿಯಲು, ಅಡುಗೆಗೆ ಆರ್‌ಒ ನೀರನ್ನೇ ಬಳಸಿ. ಬೋರ್ ನೀರು ಎಷ್ಟು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ.