ಪತ್ರಿಕೆಯ ಕೆಲಸ ಬಿಟ್ಟು ಆಕಾಶವಾಣಿಗೆ ಹೋಗಲೇ?

ಪ್ರಶ್ನೆ: ನಾನು 11 ವರ್ಷಗಳಿಂದ ದಿನಪತ್ರಿಕೆಯೊಂದರ ವರದಿಗಾರ್ತಿ. ಮಡಿಕೇರಿ ಆಕಾಶವಾಣಿಯ ಸಾಂದರ್ಭಿಕ ಉದ್ಘೋಷಕರ ಧ್ವನಿಪರೀಕ್ಷೆಯಲ್ಲಿ ಈಗ ಆಯ್ಕೆಯಾಗಿದ್ದೇನೆ. ರಾಜೀನಾಮೆ ಕೊಟ್ಟು ಪೂರ್ತಿ ಅಲ್ಲಿಗೇ ಹೋಗುವ ಆಸೆ. ಯಜಮಾನರು ಬೇಡವೆನ್ನುತ್ತಾರೆ. ನನ್ನ ಮನೆಮಾತು ಕೊಡವ. ಕನ್ನಡದ ಉಚ್ಚಾರಣೆ ಕೇಳಿ ಜನ ನಕ್ಕರೆ ಎಂಬ ಅಳುಕೂ ಇದೆ. ಏನು ಮಾಡಲಿ?
– ಹೆಸರು ಬೇಡ, ವಿರಾಜಪೇಟೆ

ಉತ್ತರ: ಸೋದರಿ, ನಿಮ್ಮ ಆಸೆ ಸರಿಯಾದದ್ದೇ, ರಾಜೀನಾಮೆ ಮಾತ್ರ ಈಗ ಬೇಡ. ಸಾಂದರ್ಭಿಕ ಉದ್ಘೋಷಕರಿಗೆ ತಿಂಗಳಿಗೆ ಸಿಗುವುದು ಕೆಲವೇ ಪಾಳಿಗಳು, ಸಂಭಾವನೆಯೂ ಪಾಳಿಯ ಲೆಕ್ಕದಲ್ಲೇ. ಅದು ಸಂಬಳದ ನೌಕರಿಯಲ್ಲ, ಮುಂದೆ ಕಾಯಂ ಆಗುತ್ತದೆಂಬ ಭರವಸೆಯೂ ಇಲ್ಲ. ಈ ಮಟ್ಟಿಗೆ ನಿಮ್ಮ ಯಜಮಾನರ ಮಾತಿನಲ್ಲಿ ಹುರುಳಿದೆ. ಖಾಸಗಿ ಎಫ್‌ಎಂ ಕಡೆ ನೋಡೋಣವೆಂದರೆ, ಅವು ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದಷ್ಟೆ. ಆದ್ದರಿಂದ ಸುದ್ದಿಯನ್ನೇ ಬದುಕಾಗಿಸಿಕೊಂಡಿರುವ ನಿಮಗೆ ಆಕಾಶವಾಣಿಯ ಜಿಲ್ಲಾ ಅರೆಕಾಲಿಕ ವರದಿಗಾರರ ಹುದ್ದೆ, ಪ್ರಾದೇಶಿಕ ವಾರ್ತಾ ವಿಭಾಗದ ವಾರ್ತಾ ವಾಚನ, ಇವೇ ಹತ್ತಿರದ ದಾರಿಗಳು. ಅರ್ಜಿ ಕರೆಯುವುದನ್ನು ಗಮನಿಸುತ್ತಿರಿ.

ಅಲ್ಲಿಯವರೆಗೆ ಕಲಿಯಬೇಕಾದ್ದು ಬಹಳವಿದೆ, ಅದು ಬರವಣಿಗೆಯಿಂದಲೇ ಶುರುವಾಗುತ್ತದೆ. ‘ಕಳೆದ 24 ಗಂಟೆಗಳಲ್ಲಿ ಸುರಿದ ಧಾರಾಕಾರ ಮಳೆಯಿಂದ ಕಾವೇರಿ ಉಕ್ಕಿ ಹರಿದ ಪರಿಣಾಮ ಜಲಾವೃತಗೊಂಡಿರುವ ಭಾಗಮಂಡಲ–ನಾಪೋಕ್ಲು ರಸ್ತೆಯಲ್ಲಿ ಸಂಚಾರ ಸ್ಥಗಿತಗೊಂಡಿದೆ’ ಎಂದು ನೀವು ಪತ್ರಿಕೆಗೆ ಬರೆಯುತ್ತೀರಿ. ಓದುಗನಿಗೆ ತಿಳಿಯದಿದ್ದರೆ ಮತ್ತೊಮ್ಮೆ ಕಣ್ಣಾಡಿಸುತ್ತಾನೆ. ಒಲೆಯ ಮುಂದೆ ನಿಂತು ಕೇಳುವವಳಿಗೆ ಆ ಅವಕಾಶವಿಲ್ಲ. ‘ಭಾಗಮಂಡಲ–ನಾಪೋಕ್ಲು ರಸ್ತೆ ಬಂದ್ ಆಗಿದೆ. ಕಾವೇರಿ ಉಕ್ಕಿ ರಸ್ತೆಯ ಮೇಲೆ ನೀರು ನಿಂತಿದೆ’ ಎಂದರೆ ಆಕೆ ಶಾಲೆಗೆ ಹೊರಟ ಮಗುವನ್ನು ಬಾಗಿಲಲ್ಲೇ ತಡೆದಾಳು. ನಿಮ್ಮದೇ ಹಳೆಯ ವರದಿಗಳನ್ನು ದಿನಕ್ಕೊಂದರಂತೆ ಹೀಗೆ ತಿದ್ದಿ, ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿ. ಉಸಿರು ಸಾಲದೆ ತಡವರಿಸಿದ ಕಡೆ ವಾಕ್ಯವನ್ನು ಒಡೆಯಬೇಕೆಂದು ನಿಮಗೇ ಗೊತ್ತಾಗುತ್ತದೆ.

ಉಚ್ಚಾರಣೆಯ ಅಳುಕಿಗೆ ಕಾರಣವೇ ಇಲ್ಲ ಎನ್ನಲಾರೆ. ಅಕಾರ ಹಕಾರ ಅದಲುಬದಲಾದರೆ, ಮಹಾಪ್ರಾಣ ಜಾರಿದರೆ ಕಿವಿಗೆ ತಟ್ಟುತ್ತದೆ. ಅದು ಅಭ್ಯಾಸದಿಂದ ಸರಿಹೋಗುವಂಥದು, ಪರೀಕ್ಷೆಯಲ್ಲಿ ನಿಮ್ಮ ದನಿ ಕೇಳಿದವರು ಒಪ್ಪಿಯೂ ಇದ್ದಾರೆ. ಕೊಡವ ಮತ್ತು ಅರೆಭಾಷೆಯ ಕಾರ್ಯಕ್ರಮಗಳೂ ಇರುವ ನಿಲಯದಲ್ಲಿ ನಿಮ್ಮ ಮನೆಮಾತು ಕೊರತೆಯಲ್ಲ, ಬಂಡವಾಳ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ದಾರಿ ಕಡಿದಿದ್ದ ಊರುಗಳಿಗೆ ಪತ್ರಿಕೆಯ ಕಟ್ಟು ತಲುಪುವಂತಿರಲಿಲ್ಲ. ಬ್ಯಾಟರಿ ರೇಡಿಯೊಗೆ ರಸ್ತೆಯ ಹಂಗಿರಲಿಲ್ಲ. ಅಂಥ ದಿನ ತಮ್ಮದೇ ಮಾತಿನಲ್ಲಿ ಸುದ್ದಿ ಕೇಳುವುದೆಂದರೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಮೊದಲ ಪಾಳಿಗೆ ಹೋಗುವ ಮುನ್ನವೇ ನಿಮ್ಮ ಸಂಪಾದಕರಿಗೆ ವಿಷಯ ತಿಳಿಸಿ, ಲಿಖಿತ ಒಪ್ಪಿಗೆ ಕೇಳಿ. ಅವರು ರೇಡಿಯೊದಲ್ಲಿ ನಿಮ್ಮ ದನಿ ಕೇಳಿಯೇ ಸಂಗತಿ ತಿಳಿಯುವಂತಾಗಬಾರದು.